ನೆರಳಿನ ವಿದ್ಯೆ: ‘ಉಂಬ್ರಾತಿಲಿಸ್’ ಎಂಬ ಲ್ಯಾಟಿನ್ ವಿಶೇಷಣದ ವಿಚಾರ

ಕೆಲವು ವರ್ಷಗಳ ಹಿಂದೆ ಶಾಲೆಯ ಕಟ್ಟಡನಿಧಿಗಾಗಿ ನಾವು ನಾಲ್ವರು ಉಪಾಧ್ಯಾಯರು ಸುತ್ತಣ ಹಳ್ಳಿಗಳಲ್ಲಿ ಸಂಚರಿಸುತ್ತಿದ್ದಾಗ, ಒಬ್ಬ ಹಿರಿಯ ಒಕ್ಕಲಿಗ ಮಹನೀಯರ ಪಡಸಾಲೆಯಲ್ಲಿ ಕುಳಿತಿದ್ದೆವು. ಅವರು ಉದಾರಿಗಳು, ನಾವು ಕೇಳಿದುದಕ್ಕಿಂತ ಹೆಚ್ಚಾಗಿಯೇ ಕೊಟ್ಟರು. ಕೊಡುವಾಗ ನಗುತ್ತ ಒಂದು ಮಾತನ್ನೂ ಜೊತೆಗೆ ಸೇರಿಸಿದರು: “ನಿಮ್ಮದೇನು ಬಿಡ್ರಿ ಪಂಡಿತರ, ನೆರಳಾಗಿನ ಕೆಲಸ.” ಅದರಲ್ಲಿ ಕುಚೋದ್ಯವಿರಲಿಲ್ಲ. ಎಳೆಬಿಸಿಲಿನಿಂದ ಇಳಿಹೊತ್ತಿನವರೆಗೆ ಹೊಲದಲ್ಲಿ ನಿಲ್ಲುವವರು ಹಲಗೆಯ ಮುಂದೆ ನಿಲ್ಲುವವನನ್ನು ಕುರಿತು ಆಡಬಹುದಾದ ಸಹಜವಾದ ಮಾತೇ ಅದು. ಆದರೂ ನನ್ನ ಮನಸ್ಸಿನಲ್ಲಿ ಅದು ಮುಳ್ಳಿನಂತೆ ಉಳಿಯಿತು.

ಆ ಮುಳ್ಳಿಗೆ ಒಂದು ಹೆಸರು ದೊರೆತದ್ದು ಮರುವರ್ಷ. ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ಸಮಾನವಾದ ಧಾತುಗಳ ವಿಷಯವಾಗಿ ನಾನು ಆಗಾಗ ಕಾಣುತ್ತಿದ್ದ ವೃದ್ಧ ಪಾದ್ರಿಯೊಬ್ಬರು ಇದ್ದರು. ಅವರ ಬಳಿ ಈ ಪ್ರಸಂಗವನ್ನು ಹೇಳಿದಾಗ ಅವರು ನಕ್ಕು, ಲೂಯಿಸ್ ಮತ್ತು ಶಾರ್ಟ್ ಎಂಬ ವಿದ್ವಾಂಸರು 1879ರಲ್ಲಿ ಹೊರತಂದ ಬೃಹತ್ ಲ್ಯಾಟಿನ್ ನಿಘಂಟನ್ನು ತೆರೆದು ಒಂದು ಪದದ ಮೇಲೆ ಬೆರಳಿಟ್ಟರು. ‘ಉಂಬ್ರಾತಿಲಿಸ್’. ನೆರಳಿನಲ್ಲಿ ಇರುವ, ಮನೆಯೊಳಗೇ ಉಳಿಯುವ, ಆರಾಮವಾದ, ವಿದ್ಯಾಶಾಲೆಗೆ ಸಂಬಂಧಿಸಿದ. “ನಿಮ್ಮ ರೈತರು ಆಡಿದ ಮಾತನ್ನು ರೋಮಿನವರು ಒಂದೇ ವಿಶೇಷಣದಲ್ಲಿ ಅಡಗಿಸಿದ್ದಾರೆ” ಎಂದರು. ಲ್ಯಾಟಿನ್ ನನಗೆ ಗುರುಮುಖದಿಂದ ಬಂದ ವಿದ್ಯೆಯಲ್ಲ. ಆ ಹಿರಿಯರ ಸಹಾಯದಿಂದಲೂ ಇಂಗ್ಲಿಷ್ ಅನುವಾದಗಳ ಆಸರೆಯಿಂದಲೂ ಈ ಒಂದು ಶಬ್ದದ ಜಾಡನ್ನು ಹಿಡಿದು ಹೋದಾಗ ನನಗೆ ಕಂಡುದನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಶಬ್ದದ ರೂಪ. ಲ್ಯಾಟಿನ್ನಿನಲ್ಲಿ ನೆರಳಿಗೆ ‘ಉಂಬ್ರಾ’ ಎಂದು ಹೆಸರು. ಇದರ ಮೂಲವನ್ನು ಕುರಿತು ಪಂಡಿತರಲ್ಲಿ ಒಮ್ಮತವಿಲ್ಲ. ಕೆಲವರು ಇದನ್ನು ನಮ್ಮ ಸಂಸ್ಕೃತದ ‘ಅಂಧ’ ಶಬ್ದದ ಬಳಗಕ್ಕೆ ಸೇರಿಸಿದರು. ಮತ್ತೆ ಕೆಲವರು ಲಿಥುವೇನಿಯಾ ದೇಶದ ಭಾಷೆಯಲ್ಲಿ ನೆರಳಿಗಿರುವ ಪದದೊಡನೆ ಗಂಟುಹಾಕಿದರು. ಸಂಸ್ಕೃತದ ‘ಛಾಯಾ’ ಶಬ್ದಕ್ಕಂತೂ ಇದು ನೆಂಟನಲ್ಲ. ಛಾಯೆಯ ನಿಜವಾದ ಸೋದರಿ ಗ್ರೀಕಿನ ‘ಸ್ಕಿಯಾ’. ಅದನ್ನು ಎಲ್ಲರೂ ಒಪ್ಪುತ್ತಾರೆ. ಕನ್ನಡದ ‘ನೆರಳು’ ಈ ಎರಡು ಮನೆತನಗಳಿಗೂ ಹೊರಗಿನದು. ಹಳಗನ್ನಡದ ‘ನೆೞಲ್’, ತಮಿಳು ಮಲಯಾಳಗಳ ‘ನಿೞಲ್’, ತೆಲುಗಿನ ‘ನೀಡ’ ಎಲ್ಲವೂ ಒಂದೇ ದ್ರಾವಿಡ ಬೇರಿನ ಚಿಗುರುಗಳು.

‘ಉಂಬ್ರಾ’ದಿಂದ ಹುಟ್ಟಿದ ವಿಶೇಷಣಗಳು ಹಲವು. ‘ಉಂಬ್ರೋಸುಸ್’ ಎಂದರೆ ನೆರಳು ತುಂಬಿದ, ದಟ್ಟನೆರಳಿನ. ಮರಕ್ಕೂ ಸಲ್ಲುತ್ತದೆ, ಕಣಿವೆಗೂ ಸಲ್ಲುತ್ತದೆ; ಸಸ್ಯಶಾಸ್ತ್ರಜ್ಞ ಲಿನೇಯಸನು ನೆರಳುಪ್ರಿಯವಾದ ಒಂದು ಹೂಗಿಡಕ್ಕೆ ‘ಸ್ಯಾಕ್ಸಿಫ್ರಾಗಾ ಉಂಬ್ರೋಸಾ’ ಎಂದು ಹೆಸರಿಟ್ಟದ್ದು ಇದರಿಂದಲೇ. ‘ಉಂಬ್ರಿಫೆರ್’ ಎಂದರೆ ನೆರಳನ್ನು ಹೊತ್ತ, ನೆರಳೀಯುವ. ಇದು ಕಾವ್ಯಕ್ಕೆ ಹೆಚ್ಚು ಒಗ್ಗಿದ ಪದ. ಬೇರೊಂದು ಮೂಲದ ‘ಓಪಾಕುಸ್’ ಎಂಬುದೂ ಉಂಟು. ವರ್ಜಿಲ್ ಕವಿಯ ಗೋಪಗೀತೆಗಳಲ್ಲಿ ತಂಪಾದ ನೆರಳಿಗೆ ವಿಶೇಷಣವಾಗಿ ಬಂದ ಈ ಪದವು ಇಂಗ್ಲಿಷಿಗೆ ಹೋಗಿ, ಬೆಳಕು ತೂರದ ವಸ್ತುವನ್ನು ಹೇಳುವ ವಿಜ್ಞಾನದ ಮಾತಾಯಿತು. ನಮ್ಮ ಮಕ್ಕಳು ‘ಅಪಾರದರ್ಶಕ’ ಎಂದು ಬರೆಯುವಾಗ ಅದರ ಹಿಂದೆ ಒಂದು ತಣ್ಣೆಳಲು ಇದೆಯೆಂದು ಅವರಿಗೆ ತಿಳಿಯದು. ಇವುಗಳೆಲ್ಲ ನೆರಳಿನ ವಸ್ತುವನ್ನೋ ಸ್ಥಳವನ್ನೋ ಹೇಳುತ್ತವೆ. ‘ಉಂಬ್ರಾತಿಲಿಸ್’ ಮಾತ್ರ ಮನುಷ್ಯನತ್ತ ಬೆರಳು ತೋರಿಸುತ್ತದೆ.

ಏಕೆಂದರೆ ಅದರ ಪ್ರತ್ಯಯವೇ ಬೇರೆ. ‘ಅಕ್ವಾ’ ಎಂದರೆ ನೀರು. ‘ಅಕ್ವಾತಿಲಿಸ್’ ನೀರಿನಲ್ಲಿ ಬಾಳುವುದು. ‘ಸಾಕ್ಸುಮ್’ ಎಂದರೆ ಬಂಡೆ. ‘ಸಾಕ್ಸಾತಿಲಿಸ್’ ಬಂಡೆಗಳ ನಡುವೆ ಬಾಳುವುದು. ‘ಫ್ಲುವಿಯುಸ್’ ಎಂದರೆ ಹೊಳೆ, ‘ಫ್ಲುವಿಯಾತಿಲಿಸ್’ ಹೊಳೆಯದು. ಮೀನು, ಸಿಂಪಿ, ಜೊಂಡುಗಳಿಗೆ ಹಚ್ಚುವ ಪ್ರತ್ಯಯ ಇದು. ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ‘ಅಲ್ಲಿ ಇರುವುದು’ ಎಂಬ ಅರ್ಥದಲ್ಲಿ ಬರುವ ತದ್ಧಿತ, ವನದಲ್ಲಿರುವುದು ‘ವನ್ಯ’ವಾಗುವಂತೆ. ಹೀಗಾಗಿ ‘ಉಂಬ್ರಾತಿಲಿಸ್’ ಎಂದಾಗ ರೋಮನ್ನನ ಕಿವಿಗೆ, ಮೀನಿಗೆ ನೀರು ಹೇಗೋ ಹಾಗೆ ಇವನಿಗೆ ನೆರಳು, ಹೊರಗೆ ತೆಗೆದರೆ ವಿಲವಿಲ ಒದ್ದಾಡುತ್ತಾನೆ, ಎಂಬ ಧ್ವನಿಯೂ ಕೇಳಿಸಿದ್ದೀತು. ಇದು ನನ್ನ ಊಹೆ. ಪ್ರತ್ಯಯ ಅದಕ್ಕೆ ಎಡೆಗೊಡುತ್ತದೆ. ಸ್ಥಳವಾಚಕವಾದ ಪದ ನಿಂದಾವಾಚಕವಾಗುವುದು ನಮಗೂ ಹೊಸತಲ್ಲ. ‘ಗ್ರಾಮ್ಯ’ ಎಂದರೆ ಗ್ರಾಮದಲ್ಲಿರುವುದು, ಅಷ್ಟೇ. ಅಲಂಕಾರಶಾಸ್ತ್ರದಲ್ಲಿ ಅದು ಒಂದು ಕಾವ್ಯದೋಷದ ಹೆಸರಾಗಿ ಕುಳಿತಿದೆ.

ಪದ ಲ್ಯಾಟಿನ್ನಿನದಾದರೂ ಅದರೊಳಗಿನ ಭಾವ ಗ್ರೀಸಿನದು. ಗ್ರೀಕಿನಲ್ಲಿ ‘ನೆರಳಿನಲ್ಲಿ ಸಾಕಲ್ಪಡುವುದು’ ಎಂಬ ಅರ್ಥದ ಒಂದು ಕ್ರಿಯಾಪದವೇ ಇತ್ತು. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ 8ನೆಯ ಭಾಗದಲ್ಲಿ ಒಂದು ಚಿತ್ರವನ್ನು ಕೊಡುತ್ತಾನೆ: ಯುದ್ಧಭೂಮಿಯಲ್ಲಿ ಬಿಸಿಲಿಗೆ ಕಂದಿದ ಬಡಕಲು ಬಡವನೊಬ್ಬನು ನೆರಳಿನಲ್ಲಿ ಬೆಳೆದು ಕೊಬ್ಬಿದ ಸಿರಿವಂತನ ಪಕ್ಕದಲ್ಲಿ ನಿಲ್ಲುತ್ತಾನೆ, ಅವನ ಏದುಸಿರನ್ನೂ ಅಸಹಾಯಕತೆಯನ್ನೂ ನೋಡಿ, ಇಂಥವರು ಧನಿಕರಾಗಿ ಉಳಿದಿರುವುದು ನಮ್ಮಂಥವರ ಹೇಡಿತನದಿಂದ ಎಂದು ಯೋಚಿಸತೊಡಗುತ್ತಾನೆ. ಜೆನೊಫನ್ನನ ಗೃಹಕೃತ್ಯವಿಚಾರದ ಗ್ರಂಥದಲ್ಲಿ ಸಾಕ್ರಟೀಸನು, ಕುಶಲಕರ್ಮಿಗಳ ಕಸುಬುಗಳು ಅವರನ್ನು ಮನೆಯೊಳಗೆ ನೆರಳಿನಲ್ಲಿ ಕೂರಿಸಿ ದೇಹವನ್ನು ಕೆಡಿಸುತ್ತವೆ, ದೇಹ ಸಡಿಲವಾದಂತೆ ಆತ್ಮವೂ ದುರ್ಬಲವಾಗುತ್ತದೆ ಎನ್ನುತ್ತಾನೆ. ನೇಕಾರನೂ ಚಮ್ಮಾರನೂ ಇಲ್ಲದೆ ಆ ಅಥೆನ್ಸಿನ ಸಭ್ಯರು ಏನನ್ನು ಉಟ್ಟು, ಏನನ್ನು ಮೆಟ್ಟಿ ಬಿಸಿಲಿಗೆ ಹೋಗುತ್ತಿದ್ದರೋ ನನಗೆ ತಿಳಿಯದು. ಈ ಗ್ರಂಥವನ್ನು ತರುಣನಾಗಿದ್ದಾಗ ಲ್ಯಾಟಿನ್ನಿಗೆ ಅನುವಾದಿಸಿದವನು ಸಿಸೆರೋ. ಅವನೇ ‘ಉಂಬ್ರಾತಿಲಿಸ್’ ಎಂಬ ವಿಶೇಷಣಕ್ಕೆ ಸಾಹಿತ್ಯದಲ್ಲಿ ಬಲ ತಂದವನೂ ಹೌದು.

ಸಿಸೆರೋ ಕ್ರಿ.ಪೂ. 106ರಲ್ಲಿ ಹುಟ್ಟಿದವನು, ವಕೀಲ, ರಾಜಕಾರಣಿ, ಲ್ಯಾಟಿನ್ ಗದ್ಯದ ಆಚಾರ್ಯಪುರುಷ. ಕ್ರಿ.ಪೂ. 63ರಲ್ಲಿ ಮುರೇನಾ ಎಂಬ ಸೇನಾನಿಯ ಪರವಾಗಿ ವಾದಿಸುವಾಗ, ಲೇಖನಿ ಖಡ್ಗಕ್ಕೆ ಎಡೆಬಿಡಲಿ, ನೆರಳು ಬಿಸಿಲಿಗೆ ಎಡೆಬಿಡಲಿ ಎಂದು ಸಾರಿದ್ದನು. ಕ್ರಿ.ಪೂ. 55ರಲ್ಲಿ ‘ವಾಗ್ಮಿಯನ್ನು ಕುರಿತು’ ಎಂಬ ಗ್ರಂಥವನ್ನು ರಚಿಸಿದಾಗ ಅದೇ ಭಾವವನ್ನು ಶಿಕ್ಷಣಕ್ಕೆ ಅನ್ವಯಿಸಿದನು. ಅಲ್ಲಿ ಕ್ರಾಸಸ್ ಎಂಬ ಹಿರಿಯ ವಾಗ್ಮಿ ಹೇಳುವ ಮಾತಿನ ಸಾರ ಇಷ್ಟು: ಮನೆಯಲ್ಲಿ, ನೆರಳಿನಲ್ಲಿ ಅಭ್ಯಾಸ ಮಾಡಿದ ಮಾತನ್ನು ಒಂದಲ್ಲ ಒಂದು ದಿನ ಹೊರಕ್ಕೆ ಕರೆತರಬೇಕು; ಧೂಳಿಗೆ, ಗದ್ದಲಕ್ಕೆ, ದಂಡಿನ ಪಾಳೆಯಕ್ಕೆ, ನ್ಯಾಯಸ್ಥಾನವೆಂಬ ರಣರಂಗಕ್ಕೆ. ‘ಉಂಬ್ರಾತಿಲಿಸ್’ ಇಲ್ಲಿ ಶಾಲೆಯ ಅಭ್ಯಾಸಕ್ಕೆ ವಿಶೇಷಣ. ಇನ್ನೂ ಒಂಬತ್ತು ವರ್ಷಗಳ ಮೇಲೆ ‘ವಾಗ್ಮಿ’ ಎಂಬ ಇನ್ನೊಂದು ಕೃತಿಯಲ್ಲಿ ತತ್ತ್ವಜ್ಞಾನಿಗಳ ಶೈಲಿಯನ್ನು ಮೃದು, ಉಂಬ್ರಾತಿಲಿಸ್ ಎಂದು ಕರೆದನು. ಆ ಮಾತಿನಲ್ಲಿ ಕೋಪವಿಲ್ಲ, ದ್ವೇಷವಿಲ್ಲ, ಕಣ್ಣೀರಿಲ್ಲ. ಜನಸಮೂಹವನ್ನು ಅಲುಗಿಸುವ ಶಕ್ತಿಯಿಲ್ಲ ಎಂಬುದು ಅವನ ಆಕ್ಷೇಪ.

ಈ ಆಕ್ಷೇಪ ಬರಿಯ ಅಲಂಕಾರದ ಮಾತಲ್ಲ ಎಂಬುದಕ್ಕೆ ಒಂದು ಪ್ರಸಿದ್ಧವಾದ ನಿದರ್ಶನವಿದೆ. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಪೋರ್ಸಿಯಸ್ ಲಾತ್ರೋ ಎಂಬ ವಾಕ್‌ಪಂಡಿತನಿದ್ದನು. ಸ್ಪೇನಿನವನು. ಶಾಲೆಯಲ್ಲಿ ಕಲ್ಪಿತ ವ್ಯಾಜ್ಯಗಳ ಮೇಲೆ ಭಾಷಣ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಮ್ಮೆ ಅವನ ಬಂಧುವೊಬ್ಬನ ಮೇಲೆ ನಿಜವಾದ ಮೊಕದ್ದಮೆ ಬಂದಿತು. ವಿಚಾರಣೆ ನಡೆಯುತ್ತಿದ್ದುದು ತೆರೆದ ಆಕಾಶದ ಕೆಳಗಣ ಚೌಕದಲ್ಲಿ. ಲಾತ್ರೋ ಎದ್ದುನಿಂತನು, ಮೊದಲ ವಾಕ್ಯದಲ್ಲೇ ವ್ಯಾಕರಣದೋಷವಾಯಿತು. ಮುಂದಕ್ಕೆ ಮಾತು ಹೊರಡಲಿಲ್ಲ. ಕೊನೆಗೆ ನ್ಯಾಯಾಧೀಶರ ಪೀಠಗಳನ್ನು ಚಾವಣಿಯಿದ್ದ ಸಭಾಮಂದಿರಕ್ಕೆ ಸಾಗಿಸಬೇಕೆಂದು ಬೇಡಿಕೊಂಡನು. ಅಲ್ಲಿ ಹೋದ ಮೇಲೆ ಅವನ ವಾಣಿ ಅವನಿಗೆ ಮರಳಿತು. ಅವನ ಬಾಲ್ಯದ ಗೆಳೆಯನಾದ ಹಿರಿಯ ಸೆನೆಕನು ಇದನ್ನು ದಾಖಲೆಮಾಡಿದ್ದಾನೆ. ಅವನ ಗ್ರಂಥದಲ್ಲಿ ಈ ಕಥೆಯನ್ನು ಹೇಳುವವನು, ದಟ್ಟನೆರಳಿನ ಸ್ಥಳದಿಂದ ಥಟ್ಟನೆ ಹೊರಬಂದವನಿಗೆ ಬೆಳಕೇ ಕಣ್ಣು ಕಟ್ಟುವಂತೆ, ಶಾಲೆಯಿಂದ ನ್ಯಾಯಸ್ಥಾನಕ್ಕೆ ಬಂದವನಿಗೆ ಎಲ್ಲವೂ ಹೊಸದಾಗಿ ಕಂಗೆಡಿಸುತ್ತದೆ ಎಂದು ಕಾರಣ ಕೊಡುತ್ತಾನೆ. ಕ್ವಿಂಟಿಲಿಯನ್ನನು ಇದೇ ಕಥೆಯನ್ನು ಹೇಳಿ, ಲಾತ್ರೋನ ವಾಗ್ವೈಭವವೆಲ್ಲ ಚಾವಣಿ ಗೋಡೆಗಳೊಳಗೇ ಇದ್ದಂತೆ ತೋರಿತು ಎನ್ನುತ್ತಾನೆ.

ಲಾತ್ರೋನನ್ನು ನೋಡಿ ನಗುವ ಅಧಿಕಾರ ನನಗಿಲ್ಲ. ವಿದ್ವತ್ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಊರಿಗೆ ಮರಳಿದ ವರ್ಷವೇ ನಮ್ಮ ತಂದೆಯವರ ಹೊಲದ ಬದುವಿನ ವಿಷಯವಾಗಿ ತಕರಾರು ಎದ್ದಿತು. ಹಿರಿಯರೆಲ್ಲ ಹೊಲದಲ್ಲೇ ಸೇರಿದರು. ಓದಿದ ಮಗನಿದ್ದಾನೆ, ಅವನೇ ಮಾತನಾಡಲಿ ಎಂದು ತಂದೆಯವರು ನನ್ನನ್ನು ಮುಂದೆ ಬಿಟ್ಟರು. ಹೇತ್ವಾಭಾಸಗಳ ಐದು ಬಗೆಗಳನ್ನೂ ಉದಾಹರಣೆ ಸಹಿತ ಹೇಳಬಲ್ಲವನಾಗಿದ್ದ ನಾನು ‘ಈ ಬದು ನಮ್ಮದು’ ಎಂಬುದನ್ನು ನಾಲ್ಕು ಜನಕ್ಕೆ ತಿಳಿಯುವಂತೆ ಹೇಳಲಾರದೆ ಹೋದೆ. ಬಾಯಿಗೆ ಬಂದ ಒಂದೆರಡು ವಾಕ್ಯಗಳು ಗ್ರಾಂಥಿಕವಾಗಿದ್ದವು. ಹುಡುಗರು ಕಿಸಕ್ಕನೆ ನಕ್ಕರು. ಅಕ್ಷರ ಅರಿಯದ ನಮ್ಮ ದೊಡ್ಡಪ್ಪನವರು ಟವೆಲನ್ನು ತಲೆಗೆ ಸುತ್ತಿಕೊಂಡು ಮುಂದೆ ಬಂದು, ಎದುರು ಪಕ್ಷದವರ ಅಜ್ಜನ ಕಾಲದಿಂದ ಅಲ್ಲಿದ್ದ ಬನ್ನಿಯ ಮರವನ್ನು ತೋರಿಸಿ ನಾಲ್ಕೇ ಮಾತು ಆಡಿದರು, ಪಂಚಾಯತಿ ಮುಗಿಯಿತು. ಆ ದಿನ ನೆತ್ತಿಯ ಮೇಲಿದ್ದ ಸೂರ್ಯ ಇಂದಿಗೂ ನನ್ನ ನೆನಪಿನಲ್ಲಿದ್ದಾನೆ. ಪಾಣಿನಿಯ ಒಂದು ಸೂತ್ರ ಎರಡು ಪದಗಳನ್ನು ಒಟ್ಟಿಗೇ ಸಾಧಿಸಿಕೊಡುತ್ತದೆ: ಸೂರ್ಯನನ್ನೇ ಕಾಣದ ಅಂತಃಪುರದ ಸ್ತ್ರೀಯರಿಗೆ ಸಲ್ಲುವ ‘ಅಸೂರ್ಯಂಪಶ್ಯಾ’ ಎಂಬುದು ಒಂದು, ಹಣೆಯನ್ನು ಸುಡುವ ಸೂರ್ಯನಿಗೆ ಸಲ್ಲುವ ‘ಲಲಾಟಂತಪ’ ಎಂಬುದು ಇನ್ನೊಂದು. ಬಾಲ್ಯದಲ್ಲಿ ಕಂಠಸ್ಥ ಮಾಡಿದ್ದ ಆ ಸೂತ್ರದ ಎರಡೂ ಪದಗಳು ನನಗೆ ಅರ್ಥವಾದದ್ದು ಆ ಹೊಲದಲ್ಲಿ.

ಸಿಸೆರೋವಿನ ತರುವಾಯ ನಿಂದೆ ಇನ್ನೂ ತೀಕ್ಷ್ಣವಾಯಿತು. ನೀರೋ ಚಕ್ರವರ್ತಿಯ ಕಾಲದ ಪೆಟ್ರೋನಿಯಸನ ಕಥಾಗ್ರಂಥದ ನಾಯಕನು, ಸೋಫೋಕ್ಲಿಸನೂ ಯೂರಿಪಿಡೀಸನೂ ತಮಗೆ ಬೇಕಾದ ಮಾತನ್ನು ಕಂಡುಕೊಂಡ ಕಾಲದಲ್ಲಿ ‘ನೆರಳಿನ ಉಪಾಧ್ಯಾಯ’ರು ಇನ್ನೂ ಪ್ರತಿಭೆಗಳನ್ನು ಹಾಳುಗೆಡವಿರಲಿಲ್ಲ ಎಂದು ಗುಡುಗುತ್ತಾನೆ. ಅಲ್ಲಿ ಬಳಸಿರುವುದು ಇದರ ದಾಯಾದಿಯಾದ ‘ಉಂಬ್ರಾತಿಕುಸ್’ ಎಂಬ ರೂಪ. ಕಿರಿಯ ಸೆನೆಕನು ಸುಖವೇ ಪರಮಾರ್ಥವೆಂದ ಎಪಿಕ್ಯೂರಸನ ಅನುಯಾಯಿಗಳನ್ನು ಅದೇ ಪದದಿಂದ ನೆರಳಿನ ಕೋಮಲ ಮಂದಿ ಎಂದು ಹಂಗಿಸಿದನು. ಸದ್ಗುಣವೋ ಧೂಳು ಮೆತ್ತಿಕೊಂಡು, ಬಿಸಿಲಿಗೆ ಬಣ್ಣ ಕಂದಿ, ಅಂಗೈ ಜಡ್ಡುಗಟ್ಟಿ ನಿಂತಿರುತ್ತದೆ ಎಂದು ಬೇರೊಂದು ಕಡೆ ಬರೆದನು. ಅಪಾರ ಐಶ್ವರ್ಯದ ನಡುವೆ ಕುಳಿತು ಬರೆದ ಅವನ ಅಂಗೈ ಹೇಗಿತ್ತೆಂದು ಯಾರೂ ನೋಡಿ ಹೇಳಿಲ್ಲ.

ಇಷ್ಟರವರೆಗೆ ಓದಿದ ಉಪಾಧ್ಯಾಯ ಮಿತ್ರರಿಗೆ ಮುಖ ಸಪ್ಪಗಾಗಿರಬಹುದು. ನನಗೂ ಹಾಗೆಯೇ ಆಗಿತ್ತು. ಆದರೆ ಕ್ವಿಂಟಿಲಿಯನ್ನನ ಗ್ರಂಥದ ಮೊದಲ ಭಾಗದಲ್ಲಿ ಈ ಶಬ್ದವನ್ನು ಮತ್ತೆ ಕಂಡಾಗ ನಾನು ಎದ್ದು ಕುಳಿತೆ. ಕ್ವಿಂಟಿಲಿಯನ್ನನು ನಮ್ಮಂತೆಯೇ ಸಂಬಳದ ಮೇಷ್ಟರು. ಕ್ರಿ.ಶ. 1ನೆಯ ಶತಮಾನದಲ್ಲಿ ವೆಸ್ಪೇಸಿಯನ್ ಚಕ್ರವರ್ತಿಯು ವಾಕ್‌ಶಾಸ್ತ್ರದ ಅಧ್ಯಾಪಕರಿಗೆ ಬೊಕ್ಕಸದಿಂದ ವೇತನ ಕೊಡುವ ಪದ್ಧತಿಯನ್ನು ತಂದಾಗ ಆ ವೇತನ ಪಡೆದವರಲ್ಲಿ ಅಗ್ರಗಣ್ಯನು. ಬಹುಕಾಲ ಪಾಠ ಹೇಳಿ ನಿವೃತ್ತನಾದ ಮೇಲೆ ಶಿಕ್ಷಣವನ್ನು ಕುರಿತು 12 ಭಾಗಗಳ ಮಹಾಗ್ರಂಥವನ್ನು ಬರೆದನು. ಮಗುವಿಗೆ ಮನೆಯಲ್ಲೇ ಪಾಠ ಹೇಳಿಸಬೇಕೇ, ಶಾಲೆಗೆ ಕಳುಹಿಸಬೇಕೇ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಿಕೊಳ್ಳುತ್ತಾನೆ. ರೋಮಿನ ಶ್ರೀಮಂತರು ಮನೆಪಾಠವೇ ಮೇಲೆಂದು ಬಗೆದಿದ್ದ ಕಾಲ. ಶಾಲೆಯಲ್ಲಿ ನಡತೆ ಕೆಡುತ್ತದೆ, ಗುಂಪಿನಲ್ಲಿ ಗುರುವಿನ ಗಮನ ಸಿಗುವುದಿಲ್ಲ ಎಂಬ ಆಕ್ಷೇಪಗಳು ಆಗಲೂ ಇದ್ದವು. ಕ್ವಿಂಟಿಲಿಯನ್ನನ ಉತ್ತರ ಇದು: ನಾಳೆ ಜನಸಂದಣಿಯ ನಡುವೆ, ರಾಜ್ಯದ ತುಂಬುಬೆಳಕಿನಲ್ಲಿ ಬಾಳಬೇಕಾದವನು ಎಳವೆಯಿಂದಲೇ ಮನುಷ್ಯರಿಗೆ ಹೆದರದಿರುವುದನ್ನು ಕಲಿಯಬೇಕು, ಒಂಟಿಯಾಗಿ, ನೆರಳಿನಲ್ಲಿದ್ದಂಥ ಬದುಕಿನಲ್ಲಿ ಬಿಳಿಚಿಕೊಳ್ಳಬಾರದು.

ಪದ ಅದೇ ‘ಉಂಬ್ರಾತಿಕುಸ್’. ಆದರೆ ಗುರಿ ತಿರುಗಿಬಿಟ್ಟಿದೆ. ಸಿಸೆರೋವಿಗೆ ಶಾಲೆಯೇ ನೆರಳು, ನ್ಯಾಯಸ್ಥಾನ ಬಿಸಿಲು. ಕ್ವಿಂಟಿಲಿಯನ್ನನಿಗೆ ಮನೆ ನೆರಳು, ಶಾಲೆಯೇ ಮೊದಲ ಬಿಸಿಲು. ಒಬ್ಬನೇ ಕಲಿತವನು ಮುಂದೆ ಹೊರಗೆ ಬಂದಾಗ ಸೂರ್ಯನ ಮುಂದೆ ಕಣ್ಣು ಕುಕ್ಕುತ್ತಾನೆ ಎಂದು ಅವನೇ ಮುಂದುವರಿಸಿ ಹೇಳುತ್ತಾನೆ. ಹತ್ತು ಹುಡುಗರ ನಡುವೆ ತಪ್ಪು ಹೇಳಿ ನಗೆಗೀಡಾಗುವುದು, ಇನ್ನೊಬ್ಬನಿಗೆ ಬಿದ್ದ ಬೈಗುಳಿನಿಂದ ತಾನು ಕಲಿಯುವುದು, ಹೊಗಳಿಸಿಕೊಂಡವನನ್ನು ಕಂಡು ಹುರುಡಿಸುವುದು, ಇವೆಲ್ಲ ಅವನ ಲೆಕ್ಕದಲ್ಲಿ ಎಳೆಬಿಸಿಲು. ನಮ್ಮ ಶಾಲೆಗೆ ಮೊದಲ ದಿನ ತಾಯಿಯ ಸೆರಗು ಹಿಡಿದು ಅಳುತ್ತ ಬರುವ ಮಗುವನ್ನು ನೋಡಿದವರಾರೂ ಶಾಲೆಯನ್ನು ನೆರಳು ಎನ್ನಲಾರರು. ಆ ಮಗುವಿಗೆ ಅದು ಮಟಮಟ ಮಧ್ಯಾಹ್ನ.

ಇನ್ನೊಂದು ಶಬ್ದವನ್ನು ಇಲ್ಲಿ ಹೇಳದಿದ್ದರೆ ವಿಚಾರ ಅರೆಯಾಗುತ್ತದೆ. ‘ಉಂಬ್ರಾ’ದಿಂದಲೇ ಹುಟ್ಟಿದ ‘ಉಂಬ್ರಾಕುಲುಮ್’ ಎಂಬ ನಾಮಪದವಿದೆ. ನೆರಳಿಗಾಗಿ ಮಾಡಿದ ಚಪ್ಪರ, ಬಳ್ಳಿಮಾಡ ಎಂಬುದು ಒಂದರ್ಥ. ಕೈಯಲ್ಲಿ ಹಿಡಿಯುವ ಕೊಡೆ ಎಂಬುದು ಇನ್ನೊಂದು. ವಿದ್ವಾಂಸರು ಪಾಠ ಹೇಳುವ ಶಾಲೆ ಎಂಬುದು ಮೂರನೆಯದು. ಈ ಮೂರನೆಯ ಅರ್ಥದಲ್ಲಿ ಸಿಸೆರೋ ಅದನ್ನು ಎರಡು ಕಡೆ, ಒಬ್ಬನೇ ವ್ಯಕ್ತಿಯ ವಿಷಯದಲ್ಲಿ ಬಳಸಿದ್ದಾನೆ. ಆ ವ್ಯಕ್ತಿ ಫಲೇರಮ್ಮಿನ ಡೆಮೆಟ್ರಿಯಸ್, ಥಿಯೋಫ್ರಾಸ್ಟಸನ ಶಿಷ್ಯ, ಕ್ರಿ.ಪೂ. 317ರಿಂದ 307ರವರೆಗೆ ಅಥೆನ್ಸನ್ನು ಆಳಿದವನು. ವಾಗ್ಮಿಗಳ ಚರಿತ್ರೆಯನ್ನು ಬರೆಯುವಾಗ ಸಿಸೆರೋ, ಇವನು ಬಿಸಿಲು ಧೂಳಿಗೆ ಬಂದದ್ದು ಸೈನಿಕನ ಡೇರೆಯಿಂದಲ್ಲ, ಪಂಡಿತ ಥಿಯೋಫ್ರಾಸ್ಟಸನ ನೆರಳುಮನೆಯಿಂದ. ಆದುದರಿಂದ ಇವನ ಭಾಷಣ ಮೃದುವಾಯಿತು ಎಂದು ಕೊರತೆ ಹೇಳುತ್ತಾನೆ. ಶಾಸನಗಳನ್ನು ಕುರಿತ ಗ್ರಂಥದಲ್ಲಿ ಅದೇ ಸಿಸೆರೋ, ವಿದ್ಯೆಯನ್ನು ಪಂಡಿತರ ನೆರಳುಮನೆಯಿಂದ ಬಿಸಿಲಿಗೂ ಧೂಳಿಗೂ ಮಾತ್ರವಲ್ಲ, ರಣರಂಗದ ಮುಂಚೂಣಿಗೇ ಕರೆತಂದ ಪುರುಷನೆಂದು ಅವನನ್ನು ಕೊಂಡಾಡುತ್ತಾನೆ. ಒಬ್ಬನೇ ಮನುಷ್ಯ, ಒಂದೇ ನೆರಳು. ಒಂದು ಕಡೆ ಕುಂದು, ಇನ್ನೊಂದು ಕಡೆ ಕೀರ್ತಿ.

‘ಉಂಬ್ರಾಕುಲುಮ್’ ಎಂಬ ಪದದಲ್ಲಿ ಕೊಡೆಯೂ ಶಾಲೆಯೂ ಕೂಡಿರುವುದನ್ನು ಕಂಡಾಗ ಸಂಸ್ಕೃತ ಬಲ್ಲವರಿಗೆ ರೋಮಾಂಚವಾಗದಿರದು. ನಮ್ಮಲ್ಲಿ ವಿದ್ಯಾರ್ಥಿಗೆ ‘ಛಾತ್ರ’ ಎಂದು ಹೆಸರು. ಆ ಶಬ್ದವನ್ನು ಪಾಣಿನಿಯು ಅಷ್ಟಾಧ್ಯಾಯಿಯ 4ನೆಯ ಅಧ್ಯಾಯ, 4ನೆಯ ಪಾದ, 62ನೆಯ ಸೂತ್ರದಲ್ಲಿ ‘ಛತ್ರ’ ಎಂಬುದರಿಂದ, ಅಂದರೆ ಕೊಡೆಯಿಂದ, ಸಾಧಿಸುತ್ತಾನೆ. ಕೊಡೆ ಹಿಡಿಯುವ ಸೇವಕನನ್ನೂ ಛಾತ್ರನೆನ್ನಬೇಕಾಗುತ್ತದಲ್ಲ ಎಂಬ ಸಂದೇಹ ಬಂದಾಗ ಮಹಾಭಾಷ್ಯಕಾರನಾದ ಪತಂಜಲಿಯು, ಇಲ್ಲಿ ಗುರುವೇ ಛತ್ರ ಎಂದು ಸಮಾಧಾನ ಹೇಳುತ್ತಾನೆ: ಗುರುವು ಶಿಷ್ಯನನ್ನು ಕೊಡೆಯಂತೆ ಮರೆಮಾಡಿ ಕಾಯಬೇಕು, ಶಿಷ್ಯನು ಗುರುವನ್ನು ಕೊಡೆಯನ್ನು ಜೋಪಾನ ಮಾಡುವಂತೆ ಕಾಪಾಡಬೇಕು. ಕಾಶಿಕಾವೃತ್ತಿಯು ಇದನ್ನು ಇನ್ನೊಂದು ಬಗೆಯಾಗಿ ಬಿಡಿಸುತ್ತದೆ. ಗುರುವಿನ ಲೋಪಗಳನ್ನು ಮುಚ್ಚುವ ಸ್ವಭಾವದವನೇ ಛಾತ್ರ ಎನ್ನುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳು ಈ ಸಂಪುಟವನ್ನು ಓದುವುದರಿಂದ ಕಾಶಿಕೆಯ ಅರ್ಥವೇ ನನಗೆ ಹೆಚ್ಚು ಅನುಕೂಲ. ಊಟ ವಸತಿಗಳ ‘ಛತ್ರ’ ಇದಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಅದು ‘ಸತ್ರ’ದ ರೂಪಾಂತರ. ‘ಮಠ’ ಎಂಬ ಶಬ್ದಕ್ಕಾದರೋ ಅಮರಸಿಂಹನು ಕೊಡುವ ಅರ್ಥ ಛಾತ್ರರೇ ಮೊದಲಾದವರ ನಿವಾಸವೆಂದು. ರೋಮಿನವರು ನೆರಳನ್ನು ವಿದ್ಯೆಯ ದೌರ್ಬಲ್ಯವೆಂದು ಎಣಿಸಿದರೆ ನಮ್ಮ ವೈಯಾಕರಣರು ಅದನ್ನೇ ವಿದ್ಯೆಯ ಸಂಬಂಧವೆಂದು ಎಣಿಸಿದರು. ಎರಡಕ್ಕೂ ಕಾರಣ ಹವೆಯೇ ಇರಬಹುದು. ನಮ್ಮ ಬೇಸಗೆಯಲ್ಲಿ ನೆರಳನ್ನು ಬೈಯುವವನು ಸಿಗುವುದು ಕಷ್ಟ.

ಸಿಸೆರೋ ನೆರಳನ್ನು ಬೈದನೇ ಎಂಬುದನ್ನೂ ಸ್ವಲ್ಪ ನಿಂತು ನೋಡಬೇಕು. ಅಭ್ಯಾಸವನ್ನು ಬಿಸಿಲಿಗೆ ತರಬೇಕೆಂದು ವಾದಿಸುವ ಆ ಸಂವಾದ ನಡೆಯುವುದು ಎಲ್ಲಿ? ರೋಮಿನ ಹೊರಗಣ ಟಸ್ಕುಲಮ್ಮಿನಲ್ಲಿ ಕ್ರಾಸಸನ ತೋಟ. ವೃದ್ಧನಾದ ಸ್ಕೀವೋಲನು ಅಲ್ಲಿಯ ಒಂದು ಹರಡಿದ ಪ್ಲೇನ್ ಮರವನ್ನು ನೋಡಿ, ಪ್ಲೇಟೋವಿನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರಟೀಸನು ಇಂಥ ಮರದ ನೆರಳಿನಲ್ಲೇ ಅಲ್ಲವೇ ಒರಗಿಕೊಂಡದ್ದು, ನಾವೂ ಹಾಗೇಕೆ ಮಾಡಬಾರದು ಎನ್ನುತ್ತಾನೆ. ಕ್ರಾಸಸನು ದಿಂಬುಗಳನ್ನು ತರಿಸುತ್ತಾನೆ. ಎಲ್ಲರೂ ಮರದ ಕೆಳಗಿನ ಆಸನಗಳಲ್ಲಿ ಕುಳಿತ ಮೇಲೆ ಬಿಸಿಲಿನ ಮಹಿಮೆಯ ಮಾತು ಪ್ರಾರಂಭವಾಗುತ್ತದೆ! ಅಷ್ಟೇ ಅಲ್ಲ, ‘ಫೀಡ್ರಸ್’ ಸಂವಾದದಲ್ಲಿಯೂ ತುಂಬುಬಿಸಿಲಿನಲ್ಲಿ ಬೆಳೆಯದೆ ನೆರಳಿನಲ್ಲಿ ಬೆಳೆದ ಸುಕುಮಾರ ತರುಣನ ಪ್ರಸ್ತಾಪ ಬರುತ್ತದೆ. ಸಾಕ್ರಟೀಸನು ಅದನ್ನು ಹೇಳುವುದು ಆ ಮರದ ನೆರಳಿನಲ್ಲಿಯೇ. ಸಿಸೆರೋ ಇದನ್ನು ಅರಿಯದೆ ಮಾಡಿದನೆಂದು ನಾನು ನಂಬಲಾರೆ.

ಅವನ ಬಾಳಿನ ಕೊನೆಯ ಅಧ್ಯಾಯವೂ ಇದಕ್ಕೆ ಸಾಕ್ಷಿ. ಸೀಸರನ ಸರ್ವಾಧಿಕಾರ ಬಂದ ಮೇಲೆ ನ್ಯಾಯಸ್ಥಾನದಲ್ಲಾಗಲಿ ಮಂತ್ರಾಲೋಚನೆಯ ಸಭೆಯಲ್ಲಾಗಲಿ ಅವನ ಮಾತಿಗೆ ಮುಂಚಿನ ಎಡೆಯಿರಲಿಲ್ಲ. ಕ್ರಿ.ಪೂ. 45ರಲ್ಲಿ ಅವನ ಪ್ರೀತಿಯ ಮಗಳು ಟುಲ್ಲಿಯಾ ತೀರಿಕೊಂಡಳು. ಆ ವರ್ಷವೂ ಮರುವರ್ಷವೂ ಅವನು ಹಳ್ಳಿಯ ಮನೆಗಳಲ್ಲಿ ಕುಳಿತು ಒಂದರ ಹಿಂದೆ ಒಂದರಂತೆ ತತ್ತ್ವಗ್ರಂಥಗಳನ್ನು ಬರೆದನು. ದುಃಖವನ್ನು ಕುರಿತು, ಮುಪ್ಪನ್ನು ಕುರಿತು, ಸ್ನೇಹವನ್ನು ಕುರಿತು, ಕರ್ತವ್ಯವನ್ನು ಕುರಿತು. ಯಾವ ಶೈಲಿಯನ್ನು ಮೃದುವೆಂದಿದ್ದನೋ, ಉಂಬ್ರಾತಿಲಿಸ್ ಎಂದಿದ್ದನೋ, ಅದೇ ತತ್ತ್ವಜ್ಞಾನಿಗಳ ಶೈಲಿ. ಆ ನೆರಳಿನಿಂದ ಅವನು ಮತ್ತೊಮ್ಮೆ ಬಿಸಿಲಿಗೆ ಬಂದದ್ದೂ ಉಂಟು. ಸೀಸರನ ಕೊಲೆಯಾದ ಮೇಲೆ ಆಂಟನಿಯ ವಿರುದ್ಧ ನಿರ್ಭಯವಾಗಿ ಮಾತನಾಡಿದನು. ಅದರ ಫಲವಾಗಿ ಕ್ರಿ.ಪೂ. 43ರ ಡಿಸೆಂಬರಿನಲ್ಲಿ ಅವನನ್ನು ಕೊಂದು, ಅವನು ನಿಂತು ಭಾಷಣ ಮಾಡುತ್ತಿದ್ದ ವೇದಿಕೆಯ ಮೇಲೆಯೇ ತಲೆಯನ್ನೂ ಕೈಯನ್ನೂ ಪ್ರದರ್ಶನಕ್ಕಿಟ್ಟರು. ಅವನ ಮುಪ್ಪಿನ ಗ್ರಂಥವನ್ನೂ ಸ್ನೇಹದ ಗ್ರಂಥವನ್ನೂ ಯುರೋಪಿನ ಶಾಲಾಬಾಲಕರು ಶತಮಾನಗಳ ಕಾಲ ಪಾಠವಾಗಿ ಓದಿದರು.

ಶಬ್ದವು ಮುಂದೆ ಕ್ರೈಸ್ತ ಸನ್ಯಾಸಿಗಳ ಕೈಗೆ ಬಂದು ಪೂರ್ತಿಯಾಗಿ ಬಣ್ಣ ಬದಲಿಸಿತು. ಫ್ರಾನ್ಸಿನ ಗ್ರೆನೋಬ್ಲ್ ಪಟ್ಟಣದ ಸಮೀಪದ ಬೆಟ್ಟಗಳಲ್ಲಿ ಬ್ರೂನೋ ಎಂಬವರು 1084ರಲ್ಲಿ ಸ್ಥಾಪಿಸಿದ ಕಾರ್ಥೂಸಿಯನ್ ಪಂಥದವರು ಮೌನವ್ರತಕ್ಕೆ ಹೆಸರಾದವರು. ಒಬ್ಬೊಬ್ಬರೂ ತಂತಮ್ಮ ಕುಟೀರದಲ್ಲಿ ಏಕಾಂತವಾಗಿ ಬಾಳುತ್ತಾರೆ. ಅವರ ನಿಯಮಾವಳಿಗೆ ಅನುಮತಿ ನೀಡುತ್ತ 11ನೆಯ ಪಯಸ್ ಪೋಪರು 1924ರಲ್ಲಿ ಹೊರಡಿಸಿದ ಶಾಸನದ ಹೆಸರೇ ‘ಉಂಬ್ರಾತಿಲೆಮ್’, ನಮ್ಮ ಶಬ್ದದ ದ್ವಿತೀಯಾ ವಿಭಕ್ತಿ. ಆ ಸಂಪ್ರದಾಯದಲ್ಲಿ ಶಾಸನಗಳನ್ನು ಅವುಗಳ ಆದಿಪದಗಳಿಂದಲೇ ಗುರುತಿಸುತ್ತಾರೆ. ಅಲ್ಲಿ ಅದು ನಿಂದೆಯಲ್ಲ. ಲೋಕದ ಸದ್ದಿಗೆ ದೂರವಾದ, ನೆರಳಿನ ಬಾಳು ಎಂಬ ಪ್ರಶಂಸೆ. ಈ ಶಾಸನವನ್ನು ನನಗೆ ತೋರಿಸಿದವರೂ ಆ ವೃದ್ಧ ಪಾದ್ರಿಯವರೇ. ಅದನ್ನು ಓದಿ ಹೇಳುವಾಗ ಅವರ ಧ್ವನಿ ಸ್ವಲ್ಪ ನಡುಗಿದುದನ್ನು ಗಮನಿಸಿದೆ, ಕಾರಣ ಕೇಳಲಿಲ್ಲ. ಅವರು ಈಗ ಇಲ್ಲ.

ಕಳೆದ ವರ್ಷ ಅದೇ ಹಿರಿಯ ರೈತರು ಮೊಮ್ಮಗನನ್ನು ಸೇರಿಸಲು ಶಾಲೆಗೆ ಬಂದಿದ್ದರು. ಅವರನ್ನು ಕೂರಿಸಿಕೊಂಡು, ಅವರು ಆಡಿದ್ದ ಮಾತು ಎರಡು ಸಾವಿರ ವರ್ಷಗಳ ಹಿಂದೆ ರೋಮಿನಲ್ಲೂ ಚಲಾವಣೆಯಲ್ಲಿತ್ತೆಂದು ಹೇಳಿ, ಲಾತ್ರೋನ ಕಥೆಯನ್ನೂ ತೋಟದ ಮರದ ಕಥೆಯನ್ನೂ ಒಪ್ಪಿಸಿದೆ. ಅವರು ಹಿಂದೆ ಆಡಿದ ಮಾತನ್ನು ಮರೆತೇಬಿಟ್ಟಿದ್ದರು. ಮರದ ವಿಷಯ ಮಾತ್ರ ಅವರ ಕುತೂಹಲವನ್ನು ಕೆರಳಿಸಿತು. ಅದು ಎಂಥ ಮರ, ನಮ್ಮ ಕಡೆ ಬರುತ್ತದೆಯೇ ಎಂದು ಕೇಳಿದರು. ಕಾಶ್ಮೀರದಲ್ಲಿ ಚಿನಾರ್ ಎಂದು ಕರೆಯುವ ಮರವೂ ಅದೂ ಒಂದೇ ಜಾತಿ, ನಮ್ಮ ಕಡೆಯ ಮರವಲ್ಲ ಎಂದೆ. “ಹಂಗಾದ್ರ ಅದರ ಗೊಡವಿ ಬ್ಯಾಡ್ರಿ” ಎಂದು ಎದ್ದು, ವರಾಂಡಕ್ಕೆ ಬಂದು ಪಡುವಣ ಕೊಠಡಿಗಳ ಕಡೆ ನೋಡಿದರು. ಮಧ್ಯಾಹ್ನ ಮೂರರ ಬಿಸಿಲು ಕಿಟಕಿಯ ಮೂಲಕ ನೇರವಾಗಿ ಹುಡುಗರ ಮುಖಕ್ಕೆ ಹೊಡೆಯುತ್ತಿತ್ತು. ಮುಂದಿನ ಮಳೆಗಾಲಕ್ಕೆ ಅವರ ಚಕ್ಕಡಿ ಬಂದಿತು. ಅದರಲ್ಲಿ ಇಪ್ಪತ್ತು ಹೊಂಗೆಯ ಸಸಿಗಳಿದ್ದವು. ಹದಿನೇಳು ಬದುಕಿವೆ.